ಹಳೆಯ ಥಂಡರ್‌ಬರ್ಡ್ ಮನೆಯಲ್ಲೇ ಸಜ್ಜುಗೊಳಿಸುವುದು: ಮೊದಲು ಬಿಚ್ಚಿ, ಆಮೇಲೆ ಹಚ್ಚಿ

ದೂರದ ಓಡಾಟಕ್ಕೆ ಹಳೆಯ ಗಾಡಿ ಹುಡುಕುವವರ ಕಣ್ಣಿಗೆ ಮೊದಲು ಬೀಳುವುದು ರಾಯಲ್ ಎನ್‌ಫೀಲ್ಡ್ ಥಂಡರ್‌ಬರ್ಡ್ 350. 2002ರಲ್ಲಿ ಬಂದ ಮೊದಲ ಥಂಡರ್‌ಬರ್ಡ್‌ನಲ್ಲಿ ಆಸ್ಟ್ರಿಯಾದ ಎವಿಎಲ್ ಕಂಪನಿ ವಿನ್ಯಾಸದ ಎಂಜಿನ್ ಇತ್ತು. 2009ರಿಂದ ಎರಡು ಪ್ಲಗ್‌ನ ಯುಸಿಇ ಎಂಜಿನ್ (ಎಂಜಿನ್, ಗೇರ್‌ಬಾಕ್ಸ್ ಎರಡೂ ಒಂದೇ ಕವಚದಲ್ಲಿ) ಬಂತು, 2012ರಲ್ಲಿ 20 ಲೀಟರಿನ ಟ್ಯಾಂಕ್, ಹಿಂದೆಯೂ ಡಿಸ್ಕ್ ಬ್ರೇಕ್. 2020ರಲ್ಲಿ ಮೀಟಿಯರ್ ಬಂದ ಮೇಲೆ ಇದರ ಕಾಲ ಮುಗಿಯಿತು. ಇಲ್ಲಿ ಹೇಳುವುದೆಲ್ಲ 2012ರ ನಂತರದ, ಕಾರ್ಬೊರೇಟರ್ ಇರುವ 346 ಸಿಸಿ ಗಾಡಿಯ ಬಗ್ಗೆ. ಬೇರೆ ಗಾಡಿಗಳಿಗೂ ಬಹಳಷ್ಟು ಹೊಂದುತ್ತದೆ, ಅಳತೆಗಳನ್ನು ಮಾತ್ರ ಆಯಾ ಗಾಡಿಯ ಮ್ಯಾನ್ಯುಯಲ್ ನೋಡಿ ಬದಲಿಸಿಕೊಳ್ಳಬೇಕು.

ಇಂಥ ಗಾಡಿ ಓಡಿಸಿದ್ದರಿಂದ ಕೆಡುವುದು ಕಡಿಮೆ. ವರ್ಷಗಟ್ಟಲೆ ಮೂಲೆಯಲ್ಲಿ ನಿಲ್ಲಿಸಿದ್ದರಿಂದ ಮತ್ತು ಹಿಂದಿನ ಮಾಲೀಕರು ಕಂಡದ್ದನ್ನೆಲ್ಲ ಹಚ್ಚಿದ್ದರಿಂದ ಕೆಟ್ಟಿರುವುದೇ ಹೆಚ್ಚು. ಆದ್ದರಿಂದ ಹೊಸದೇನನ್ನೂ ಕೊಳ್ಳುವ ಮುಂಚೆ ಹಳೆಯ ಸೇರ್ಪಡೆಗಳನ್ನೆಲ್ಲ ಕಿತ್ತು, ಗಾಡಿಯನ್ನು ಕಂಪನಿಯಿಂದ ಬಂದ ಸ್ಥಿತಿಗೆ ತನ್ನಿ. ಅಲ್ಲಿಂದ ಮುಂದೆ ನಿಮ್ಮ ಅಭಿರುಚಿ. ಬಜೆಟ್ ಹಾಕುವಾಗಲೂ ಇದೇ ಕ್ರಮ ಇರಲಿ: ಬ್ರೇಕ್, ಟಯರ್, ಬೇರಿಂಗ್, ವೈರಿಂಗ್ ಮೊದಲು, ಬಣ್ಣ, ಬ್ಯಾಗು, ದೀಪ ಕೊನೆಗೆ. ಇದನ್ನು ತಿರುಗಾ ಮುರುಗಾ ಮಾಡಿದವರ ಗಾಡಿಗಳೇ ಅರ್ಧ ಬಿಚ್ಚಿದ ಸ್ಥಿತಿಯಲ್ಲಿ ಮತ್ತೆ ಮಾರಾಟಕ್ಕೆ ಬರುತ್ತವೆ.

ಕೊಳ್ಳುವ ಮುಂಚೆ

ಗಾಡಿ ನೋಡಲು ಬೆಳಗ್ಗೆ ಹೋಗಿ. ಸ್ಟಾರ್ಟ್ ಮಾಡಿ ಇಡಬೇಡಿ ಎಂದು ಮಾರುವವರಿಗೆ ಮೊದಲೇ ಹೇಳಿ, ಹೋದ ಕೂಡಲೇ ಸಿಲಿಂಡರ್ ಮೇಲೆ ಕೈ ಇಟ್ಟು ನೋಡಿ. ಬಿಸಿ ಇದ್ದರೆ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದೇ ತಿಳಿಯಿರಿ. ತಣ್ಣನೆಯ ಎಂಜಿನ್‌ಗೆ ಸೆಲ್ಫ್ ಒತ್ತಿದಾಗ ಮೋಟರ್ ಮಾತ್ರ ಗಿರ್ರೆಂದು ತಿರುಗಿ ಎಂಜಿನ್ ತಿರುಗದಿದ್ದರೆ, ಅಥವಾ ಖಟಾರ್ ಎಂದು ಹಲ್ಲು ಕಚ್ಚಿದ ಸದ್ದು ಬಂದರೆ, ಸೆಲ್ಫ್ ಮೋಟರಿನ ತಿರುಗನ್ನು ಎಂಜಿನ್ನಿಗೆ ದಾಟಿಸುವ ಸ್ಪ್ರಾಗ್ ಕ್ಲಚ್ ಹೋಗಿದೆ. ಯುಸಿಇ ಎಂಜಿನ್‌ನ ಹೆಸರಾಂತ ಕಾಯಿಲೆ ಇದು. ಕಾರಣ ಬಹುತೇಕ ಬ್ಯಾಟರಿ: ಶಕ್ತಿ ಸಾಲದೆ ಪಿಸ್ಟನ್ ಅರ್ಧಕ್ಕೇ ಹಿಂದಕ್ಕೆ ಒದೆಯುತ್ತದೆ, ಆ ಏಟನ್ನೆಲ್ಲ ಸ್ಪ್ರಾಗ್ ತಿನ್ನುತ್ತದೆ. ಇದನ್ನು ಬದಲಿಸಲು ಎಡಗಡೆಯ ಕವರ್ ಬಿಚ್ಚಬೇಕು, ಪುಲ್ಲರ್ ಬೇಕು. ಮನೆಯಲ್ಲಿ ಆಗುವ ಕೆಲಸವಲ್ಲ. ಬೆಲೆಯಲ್ಲಿ ಇಳಿಸಿಕೊಳ್ಳಿ.

ಹೊಗೆ ನೀಲಿ ಬಣ್ಣದ್ದಾಗಿ ನಿಲ್ಲದೆ ಬರುತ್ತಿದ್ದರೆ ಎಂಜಿನ್ ಎಣ್ಣೆ ಸುಡುತ್ತಿದೆ. ರಿಂಗ್ ಅಥವಾ ವಾಲ್ವ್ ಸೀಲ್ ಹೋಗಿದೆ. ಚಳಿಗಾಲದ ಬೆಳಗ್ಗೆ ಒಂದೆರಡು ನಿಮಿಷ ಬರುವ ಬಿಳಿ ಆವಿಗೆ ಹೆದರಬೇಕಿಲ್ಲ. ಮುಂದಿನ ಫೋರ್ಕ್ ಪೈಪಿನ ಮೇಲೆ ಉಗುರು ಆಡಿಸಿ. ತುಕ್ಕಿನ ಗುಳಿ ಉಗುರಿಗೆ ಸಿಕ್ಕಿದರೆ ಎಷ್ಟು ಹೊಸ ಸೀಲ್ ಹಾಕಿದರೂ ತಿಂಗಳೊಪ್ಪತ್ತಿನಲ್ಲಿ ಮತ್ತೆ ಸೋರುತ್ತದೆ. ಹ್ಯಾಂಡಲ್ ಕೆಳಗಿನ ಹೆಡ್‌ಸ್ಟಾಕ್ ಸುತ್ತ ಬಣ್ಣ ಸೀಳಿದ್ದರೆ, ಹೊಸ ವೆಲ್ಡಿಂಗ್ ಗುರುತಿದ್ದರೆ, ಆ ಗಾಡಿ ಎಲ್ಲೋ ಗುದ್ದಿದೆ. ಅದನ್ನು ಬಿಟ್ಟು ಬೇರೆ ನೋಡಿ. ಟಯರ್ ಪಕ್ಕದಲ್ಲಿ ನಾಲ್ಕು ಅಂಕಿಯ ತಾರೀಖು ಇರುತ್ತದೆ. 2319 ಎಂದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಟಯರ್ ಮೇಲಿನ ಗೀರು ಎಷ್ಟೇ ಆಳ ಇರಲಿ, ಎಂಟು ವರ್ಷ ಬಿಸಿಲುಂಡ ರಬ್ಬರ್ ಗಟ್ಟಿಯಾಗಿ ಮಳೆಯಲ್ಲಿ ಜಾರುತ್ತದೆ.

ಕಾಗದಪತ್ರಕ್ಕೆ ಬಂದರೆ, ಕೆಎ-25 ಧಾರವಾಡದ್ದು, 63 ಹುಬ್ಬಳ್ಳಿಯದು, 26 ಗದಗ, 27 ಹಾವೇರಿ. ಹೆಸರು ವರ್ಗಾವಣೆಗೆ ಫಾರ್ಮ್ 29 ಮತ್ತು 30 ಬೇಕು. ಸಾಲ ಇದ್ದ ಗಾಡಿಯಾದರೆ ಫಾರ್ಮ್ 35 ಮತ್ತು ಬ್ಯಾಂಕಿನ ಎನ್‌ಒಸಿ ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ. ನಮ್ಮ ಕಡೆ ಮಹಾರಾಷ್ಟ್ರ, ಗೋವಾ ಪಾಸಿಂಗ್ ಗಾಡಿಗಳು ಕಡಿಮೆ ಬೆಲೆಗೆ ಸಿಗುತ್ತವೆ. ಅವಕ್ಕೆ ಫಾರ್ಮ್ 28ರ ಎನ್‌ಒಸಿ, ಮೇಲೆ ಕರ್ನಾಟಕದ ರಸ್ತೆ ತೆರಿಗೆ, ಮರುನೋಂದಣಿ. ಲೆಕ್ಕ ಹಾಕಿ ನೋಡಿದರೆ ಅಗ್ಗ ಅನ್ನಿಸಿದ್ದು ತುಟ್ಟಿಯಾಗಿರುತ್ತದೆ. ನೋಂದಣಿಯ ಆಯುಸ್ಸು 15 ವರ್ಷ, ಅಂದರೆ 2012ರ ಗಾಡಿ 2027ಕ್ಕೆ ನವೀಕರಣಕ್ಕೆ ಬರುತ್ತದೆ. ಚಾಸಿಸ್ ನಂಬರನ್ನು ಕಣ್ಣಾರೆ ಆರ್‌ಸಿ ಜೊತೆ ತಾಳೆ ನೋಡಿ. ಈ ನಂಬರಿನ ಮಾತು ಬಣ್ಣದ ಹೊತ್ತಿಗೆ ಮತ್ತೆ ಬರುತ್ತದೆ.

ಬಿಚ್ಚುವ ಕೆಲಸ

ಬೇಕಾಗುವ ಸಾಮಾನು: 8ರಿಂದ 24ರ ವರೆಗಿನ ರಿಂಗ್ ಪಾನಾ, 8, 10, 12, 14ರ ಟಿ-ಪಾನಾ, ಅಲೆನ್ ಕೀ ಸೆಟ್, ಸುತ್ತಿಗೆಯಿಂದ ಹೊಡೆಯುವ ಇಂಪ್ಯಾಕ್ಟ್ ಸ್ಕ್ರೂಡ್ರೈವರ್, ಎಷ್ಟು ಬಿಗಿಯಾಯಿತು ಎಂದು ತೋರಿಸುವ ಒಂದು ಟಾರ್ಕ್ ಪಾನಾ, ಒಂದು ಮಲ್ಟಿಮೀಟರ್. ಕೊನೆಯ ಎರಡನ್ನು ಅನಗತ್ಯ ಖರ್ಚು ಎಂದು ಬಿಡುವವರೇ ಜಾಸ್ತಿ, ಆದರೆ ತಪ್ಪುಗಳಾಗದಂತೆ ಕಾಯುವುದು ಆ ಎರಡೇ.

ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಿರಿ, ಆಮೇಲೆ ಪಾಸಿಟಿವ್. ಉಲ್ಟಾ ಮಾಡಿದರೆ ಪಾನಾ ಫ್ರೇಮಿಗೆ ತಾಗಿದ ಕ್ಷಣ ಕಿಡಿ ಹಾರುತ್ತದೆ. ಪ್ರತಿ ಜೋಡಣೆ ಬಿಚ್ಚುವ ಮುಂಚೆ ಫೋನಿನಲ್ಲಿ ಎರಡು ಫೋಟೊ ತೆಗೆಯಿರಿ, ಒಂದು ದೂರದಿಂದ, ಒಂದು ಹತ್ತಿರದಿಂದ. ಬೋಲ್ಟುಗಳನ್ನು ಒಂದೇ ಡಬ್ಬಿಗೆ ಸುರಿಯದೆ ಆಯಾ ಭಾಗದ ಹೆಸರು ಬರೆದ ಸಣ್ಣ ಪ್ಲಾಸ್ಟಿಕ್ ಚೀಲಗಳಲ್ಲಿ ಇಡಿ. ಇನ್ನೂ ಒಳ್ಳೆಯದು, ಬೋಲ್ಟನ್ನು ಬಂದ ತೂತಿಗೇ ಎರಡು ಸುತ್ತು ತಿರುಗಿಸಿ ಬಿಡುವುದು.

ಸೈಲೆನ್ಸರ್ ಬೆಂಡ್ ಪೈಪ್ ಹೆಡ್‌ಗೆ ಕೂಡುವ ನಟ್‌ಗಳ ಹತ್ತಿರ ಅವಸರ ಬೇಡ. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಬಿಡಿ, ಮರುದಿನ ಎಂಜಿನ್ ಸ್ವಲ್ಪ ಬಿಸಿ ಮಾಡಿ, ಸಡಿಲಿಸುವ ಮುಂಚೆ ಒಂದು ಕೂದಲೆಳೆಯಷ್ಟು ಬಿಗಿ ಮಾಡಿ, ಆಮೇಲೆ ಬಿಚ್ಚಿ. ಸ್ಟಡ್ ಅಲ್ಯೂಮಿನಿಯಂ ಹೆಡ್‌ನೊಳಗೆ ಮುರಿದರೆ ಹೆಡ್ ಹೊತ್ತುಕೊಂಡು ಹುಬ್ಬಳ್ಳಿಯ ಗೋಕುಲ ರಸ್ತೆಯ ಲೇತ್ ಅಂಗಡಿಗಳ ಬಾಗಿಲು ತಟ್ಟಬೇಕಾಗುತ್ತದೆ.

ಎರಿ ಭೂಮಿಯಲ್ಲಿ ಓಡಿದ ಗಾಡಿಯಾದರೆ, ನವಲಗುಂದ, ರೋಣ, ನರಗುಂದದ ಕಡೆಯದು ಅಂತಿಟ್ಟುಕೊಳ್ಳಿ, ಹಿಂದಿನ ಮಡ್‌ಗಾರ್ಡ್ ಒಳಗೆ, ಸ್ವಿಂಗ್‌ಆರ್ಮ್ ಮೂಲೆಯಲ್ಲಿ, ಬ್ಯಾಟರಿ ಪೆಟ್ಟಿಗೆಯ ಅಡಿಯಲ್ಲಿ ಕರಿಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ಮೇಲೆ ಒಣಗಿದ್ದರೂ ಒಳಗೆ ತೇವ ಹಿಡಿದಿಟ್ಟು ತಗಡನ್ನು ತಿನ್ನುತ್ತದೆ. ಮರದ ಚಕ್ಕೆಯಿಂದ ಕೆರೆದು, ಡೀಸೆಲ್ ಮತ್ತು ಬ್ರಷ್ ಹಚ್ಚಿ ತೆಗೆಯಿರಿ. ಸರ್ವಿಸ್ ಸೆಂಟರಿನ ಜೋರು ನೀರನ್ನು ಬೇರಿಂಗ್, ವೈರ್ ಕಪ್ಲರ್, ಏರ್ ಫಿಲ್ಟರ್ ಕಡೆ ಬಿಡಿಸಬೇಡಿ. ಹೊರಗಿನ ಮಣ್ಣು ಹೋಗಿ ಒಳಗೆ ನೀರು ಸೇರುತ್ತದೆ.

ಟ್ಯಾಂಕ್ ಮತ್ತು ಕಾರ್ಬೊರೇಟರ್

ನಿಂತ ಗಾಡಿಯ ಮುಕ್ಕಾಲು ತಕರಾರು ಇಲ್ಲೇ. ಈಗಿನ ಪೆಟ್ರೋಲ್‌ನಲ್ಲಿ ಶೇ 20ರಷ್ಟು ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ; ನೀರು ಹೆಚ್ಚಾದಾಗ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿದು ತುಕ್ಕು ಹಿಡಿಸುತ್ತದೆ. ಹಳೆಯ ರಬ್ಬರ್ ಪೈಪು, ಓ-ರಿಂಗ್ ಕೂಡ ಉಬ್ಬುತ್ತವೆ, ಮೆತ್ತಗಾಗುತ್ತವೆ. ಆದ್ದರಿಂದ ಪೆಟ್ರೋಲ್ ಪೈಪನ್ನು ನೋಡುವ ಗೊಡವೆಯೇ ಇಲ್ಲದೆ ಹೊಸದು ಹಾಕಿ.

ಟ್ಯಾಂಕ್ ಖಾಲಿ ಮಾಡಿ, ಕಾಕ್ ಮತ್ತು ಪೆಟ್ರೋಲ್ ಮಟ್ಟದ ಸೆನ್ಸರ್ ಬಿಚ್ಚಿ, ಆ ತೂತುಗಳಿಗೆ ತಗಡು-ರಬ್ಬರಿನ ಮುಚ್ಚಳ ಬಿಗಿಯಿರಿ. ಸೋಪಿನ ನೀರಿನಿಂದ ಎರಡು ಮೂರು ಸಲ ಕುಲುಕಿ ತೊಳೆದು ಪೆಟ್ರೋಲ್ ವಾಸನೆ ಪೂರ್ತಿ ಹೋಗಿಸಿ. ಟಾರ್ಚ್ ಬಿಟ್ಟು ಒಳಗೆ ನೋಡಿ. ಕಂದು ಪುಡಿ ಮಾತ್ರ ಇದ್ದರೆ ಮನೆಯಲ್ಲೇ ಆಗುತ್ತದೆ. ಪದರ ಪದರವಾಗಿ ಎದ್ದಿದ್ದರೆ, ತುಕ್ಕು ತೆಗೆದ ಮೇಲೆ ಟ್ಯಾಂಕ್ ಸೋರುವ ಸಾಧ್ಯತೆಯೇ ಹೆಚ್ಚು. ಅಷ್ಟು ದಿನ ಸೋರದಂತೆ ತಡೆದಿದ್ದು ಆ ತುಕ್ಕೇ.

20 ಲೀಟರ್ ಬಿಸಿನೀರಿಗೆ ಒಂದು ಕಿಲೋ ಸಿಟ್ರಿಕ್ ಆ್ಯಸಿಡ್ ಪುಡಿ ಕರಗಿಸಿ ಬಾಯಿ ತನಕ ತುಂಬಿ. ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂದು ಸಿಗುವುದೂ ಇದೇ. ತುಂಬುವ ಮುಂಚೆ ಹೊರಗಿನ ಬಣ್ಣದ ಮೇಲೆ ಪ್ಲಾಸ್ಟಿಕ್ ಹೊದಿಸಿ. 12ರಿಂದ 24 ತಾಸು ಬಿಡಿ. ಮುಚ್ಚಳ ಬಿಗಿಯಾಗಿ ಹಾಕಬೇಡಿ, ಒಳಗೆ ಗಾಳಿ ಹುಟ್ಟುತ್ತದೆ. ಗಟ್ಟಿ ತುಕ್ಕಿದ್ದರೆ ಅರ್ಧ ನೀರು ತೆಗೆದು ಸಣ್ಣ ನಟ್‌ಗಳನ್ನು ಹಾಕಿ ಕುಲುಕಬಹುದು. ಎಣಿಸಿ ಹಾಕಿ, ಎಣಿಸಿ ತೆಗೆಯಿರಿ. ಸುರಿದಾದ ಮೇಲೆ 10 ಲೀಟರ್ ನೀರಿಗೆ 200 ಗ್ರಾಂ ಅಡುಗೆ ಸೋಡಾ ಹಾಕಿ ತೊಳೆದು ಹುಳಿ ಕಳೆಯಿರಿ, ಆಮೇಲೆ ಬರೀ ನೀರು. ಈಗ ಅವಸರ ಮಾಡಲೇಬೇಕು. ಬರಿದಾದ ಉಕ್ಕಿಗೆ ಅರ್ಧ ತಾಸಿನಲ್ಲಿ ಹೊಸ ತುಕ್ಕಿನ ಛಾಯೆ ಬರುತ್ತದೆ. ಕೂದಲು ಒಣಗಿಸುವ ಡ್ರೈಯರ್‌ನಿಂದ ಬಿಸಿಗಾಳಿ ಬಿಟ್ಟು ಒಣಗಿಸಿ, ಅರ್ಧ ಲೀಟರ್ ಪೆಟ್ರೋಲಿಗೆ 50 ಮಿ.ಲೀ. ಎಂಜಿನ್ ಎಣ್ಣೆ ಬೆರೆಸಿ ಒಳಗೆಲ್ಲ ಆಡಿಸಿ. ಡ್ರೈಯರ್ ಇರುವ ಹತ್ತಿರ ಪೆಟ್ರೋಲ್ ಇರಬಾರದು ಎನ್ನುವುದನ್ನು ಹೇಳಬೇಕಿಲ್ಲ, ಆದರೂ ಹೇಳುತ್ತೇವೆ. ಬಚ್ಚಲು ತೊಳೆಯುವ ಆ್ಯಸಿಡ್ ಹಾಕಿ ಹತ್ತು ನಿಮಿಷದಲ್ಲಿ ಮುಗಿಸುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಅದು ತುಕ್ಕಿನ ಜೊತೆ ತಗಡನ್ನೂ ತಿನ್ನುತ್ತದೆ.

ಕಾರ್ಬೊರೇಟರ್ ಬಿಚ್ಚುವಾಗ ಮಿಕ್ಸ್ಚರ್ ಸ್ಕ್ರೂವನ್ನು ಮೊದಲು ಒಳಗೆ ಮೆತ್ತಗೆ ಕೂರುವ ತನಕ ತಿರುಗಿಸಿ, ಎಷ್ಟು ಸುತ್ತು ಬಂತು ಎಂದು ಬರೆದಿಡಿ. ಜೋಡಿಸುವಾಗ ಅಷ್ಟೇ ಸುತ್ತು ಹೊರಗೆ. ಪೈಲಟ್ ಜೆಟ್‌ನ ತೂತಿಗೆ ತಂತಿ ಚುಚ್ಚಬೇಡಿ. ತೂತು ಹಿಗ್ಗಿದರೆ ಐಡಲಿಂಗ್ ಯಾವತ್ತೂ ಸರಿಹೋಗುವುದಿಲ್ಲ. ಕಾರ್ಬ್ ಕ್ಲೀನರ್ ಸ್ಪ್ರೇ ಮತ್ತು ಗಾಳಿ ಸಾಕು. ಮೇಲಿನ ಮುಚ್ಚಳದೊಳಗೆ ತೆಳುವಾದ ರಬ್ಬರ್ ಡಯಾಫ್ರಾಮ್ ಇರುತ್ತದೆ. ಅದನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಎಳೆದು ನೋಡಿ. ಸೂಜಿಮೊನೆಯಷ್ಟು ತೂತಿದ್ದರೂ ಗಾಡಿ ಸ್ಟಾರ್ಟ್ ಆಗುತ್ತದೆ, ಐಡಲ್ ನಿಲ್ಲುತ್ತದೆ, ಆದರೆ ಆ್ಯಕ್ಸಲರೇಟರ್ ತಿರುವಿದರೆ ಎಳೆಯುವುದಿಲ್ಲ. ಎಂಜಿನ್ನಿಗೆ ಬೋರು ಹೊಡೆಸಬೇಕು ಎಂದು ಹೇಳಿಸಿಕೊಂಡ ಎಷ್ಟೋ ಗಾಡಿಗಳ ನಿಜವಾದ ಕಾಯಿಲೆ ಈ ರಬ್ಬರ್.

ಕಾರ್ಬೊರೇಟರ್ ಮತ್ತು ಹೆಡ್ ನಡುವಿನ ರಬ್ಬರ್ ಮ್ಯಾನಿಫೋಲ್ಡನ್ನು ಬಾಗಿಸಿ ನೋಡಿ. ಬಿರುಕು ಬಾಗಿಸಿದಾಗ ಮಾತ್ರ ಕಾಣುತ್ತದೆ. ಆ್ಯಕ್ಸಲರೇಟರ್ ಬಿಟ್ಟಾಗ ಸೈಲೆನ್ಸರಿನಿಂದ ಪಟಪಟ ಸದ್ದು, ಐಡಲ್ ಏರುಪೇರು, ಇವು ಅಲ್ಲಿಂದ ಗಾಳಿ ಒಳಗೆ ಹೋಗುತ್ತಿರುವ ಗುರುತು.

ವೈರಿಂಗ್: ಸಮಯ ಕೊಡಬೇಕಾದ ಜಾಗ

ಹೆಡ್‌ಲೈಟ್ ಡೂಮ್ ಮತ್ತು ಸೀಟಿನ ಕೆಳಗೆ ನೋಡಿ. ಕಪ್ಪು ಟೇಪ್ ಸುತ್ತಿದ ಗಂಟುಗಳು, ಬಣ್ಣ ಹೊಂದದ ವೈರುಗಳು ಕಂಡರೆ ಅವೆಲ್ಲ ಹಿಂದಿನವರ ಹಾರ್ನ್, ಫಾಗ್ ಲೈಟ್, ಅಲಾರಂಗಳ ಪಳೆಯುಳಿಕೆ. ಒಂದೊಂದಾಗಿ ಬೆನ್ನುಹತ್ತಿ, ಮೂಲ ವೈರಿಗೆ ಎಲ್ಲಿ ಸೇರಿವೆ ಎಂದು ಕಂಡುಹಿಡಿದು ತೆಗೆಯಿರಿ. ಸುಲಿದ ಜಾಗದಲ್ಲಿ ಬಿಸಿಗೆ ಕುಗ್ಗಿ ಬಿಗಿಯುವ ಹೀಟ್-ಶ್ರಿಂಕ್ ಕೊಳವೆ ಹಾಕಿ. ಇಲಿ ಕಡಿದ ಗುರುತುಗಳನ್ನೂ ಈಗಲೇ ಹುಡುಕಿ.

ಈ ಗಾಡಿಗೆ 12 ವೋಲ್ಟ್, 14 ಆ್ಯಂಪಿಯರ್-ಅವರ್ ಬ್ಯಾಟರಿ. ರಾತ್ರಿಯಿಡೀ ಬಿಟ್ಟ ಬ್ಯಾಟರಿ 12.6 ತೋರಿಸಿದರೆ ತುಂಬಿದೆ, 12.2 ಎಂದರೆ ಅರ್ಧ. ಸೆಲ್ಫ್ ಒತ್ತಿದಾಗ 10 ವೋಲ್ಟ್‌ಗಿಂತ ಕೆಳಗೆ ಬಿದ್ದರೆ ಬದಲಿಸಿ, ಸ್ಪ್ರಾಗ್ ಕ್ಲಚ್‌ಗೆ ಅದೇ ವಿಮೆ. ಎಂಜಿನ್ 3000 ಆರ್‌ಪಿಎಂನಲ್ಲಿ ಇದ್ದಾಗ ಟರ್ಮಿನಲ್ ಮೇಲೆ 13.8ರಿಂದ 14.5 ಬರಬೇಕು. 13ರ ಕೆಳಗಿದ್ದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ಚಾರ್ಜಿಂಗ್ ವೋಲ್ಟೇಜನ್ನು ಹದ್ದಿನಲ್ಲಿಡುವ ರೆಕ್ಟಿಫೈಯರ್ ಹೋಗಿದೆ, ಬ್ಯಾಟರಿ ಕುದಿಯುತ್ತದೆ. ರೆಕ್ಟಿಫೈಯರ್ ಕೊಳ್ಳುವ ಮುಂಚೆ ಅದರ ಕಪ್ಲರ್ ಬಿಚ್ಚಿ, ಸುಟ್ಟ ಕಂದು ಪಿನ್ ಇದೆಯೇ ನೋಡಿ. ಬ್ಯಾಟರಿಯಿಂದ ಫ್ರೇಮಿಗೆ, ಎಂಜಿನ್ನಿಗೆ ಹೋಗುವ ಅರ್ಥಿಂಗ್ ಬಿಚ್ಚಿ, ಬಣ್ಣ ತುಕ್ಕು ಕೆರೆದು ಹೊಳೆಯುವ ಲೋಹಕ್ಕೆ ಬಿಗಿಯಿರಿ. ಕಾರಣ ತಿಳಿಯದ ಎಲೆಕ್ಟ್ರಿಕಲ್ ತೊಂದರೆಗಳಲ್ಲಿ ಅರ್ಧದಷ್ಟು ಇಲ್ಲೇ ಮುಗಿಯುತ್ತವೆ.

ಫಾಗ್ ಲೈಟ್ ಹಾಕಲೇಬೇಕು ಎಂದಿದ್ದರೆ ಲೆಕ್ಕದಿಂದ ಶುರು ಮಾಡಿ. 20 ವ್ಯಾಟಿನ ಎರಡು ಎಲ್‌ಇಡಿ ಎಂದರೆ 40 ವ್ಯಾಟ್. 12 ವೋಲ್ಟ್‌ನಲ್ಲಿ ಸುಮಾರು ಮೂರೂಕಾಲು ಆ್ಯಂಪಿಯರ್. 55 ವ್ಯಾಟಿನ ಎರಡು ಹ್ಯಾಲೊಜೆನ್ ಎಂದರೆ ಒಂಬತ್ತು ಆ್ಯಂಪಿಯರ್ ದಾಟುತ್ತದೆ. ಈ ಗಾಡಿಗೆ ಅದು ಬೇಡ. ವೈರ್ ಜೋಡಿಸುವ ಕ್ರಮ ಹೀಗೆ:

1. ಬ್ಯಾಟರಿ ಪಾಸಿಟಿವ್‌ನಿಂದ ಹೊರಟ ವೈರಿಗೆ ಒಂದು ಗೇಣಿನೊಳಗೆ 7.5 ಆ್ಯಂಪಿಯರ್ ಫ್ಯೂಸ್. ಫ್ಯೂಸ್ ಇರುವುದು ದೀಪ ಉಳಿಸಲಿಕ್ಕಲ್ಲ, ವೈರ್ ಫ್ರೇಮಿಗೆ ಉಜ್ಜಿ ತಾಗಿದಾಗ ಬೆಂಕಿ ತಪ್ಪಿಸಲಿಕ್ಕೆ. ಅದಕ್ಕೇ ಬ್ಯಾಟರಿ ಹತ್ತಿರ ಇರಬೇಕು.
2. ಫ್ಯೂಸ್‌ನಿಂದ ರಿಲೇ ಎನ್ನುವ ಸ್ವಿಚ್ ಡಬ್ಬಿಯ 30 ನಂಬರಿನ ಕಾಲಿಗೆ. 87ರಿಂದ ದೀಪಗಳ ಪಾಸಿಟಿವ್‌ಗೆ. ಎರಡಕ್ಕೂ 1.5 ಚದರ ಮಿ.ಮೀ. ವೈರ್.
3. 85 ಅರ್ಥಿಂಗ್‌ಗೆ. 86 ಹ್ಯಾಂಡಲ್ ಮೇಲಿನ ಸ್ವಿಚ್‌ಗೆ. ಆ ಸ್ವಿಚ್‌ಗೆ ಕರೆಂಟ್ ಕೀಲಿ ಹಾಕಿದಾಗ ಮಾತ್ರ ಬರುವ ಲೈನಿನಿಂದ ತೆಗೆದುಕೊಳ್ಳಿ. ನೇರ ಬ್ಯಾಟರಿಯಿಂದ ತೆಗೆದರೆ ಒಂದು ರಾತ್ರಿ ಮರೆತದ್ದಕ್ಕೆ ಬೆಳಗ್ಗೆ ತಳ್ಳಬೇಕಾಗುತ್ತದೆ.
4. ಜೋಡಣೆಗಳನ್ನು ಸರಿಯಾದ ಟರ್ಮಿನಲ್ ಹಾಕಿ ಕ್ರಿಂಪ್ ಮಾಡಿ (ಇಕ್ಕಳದಿಂದ ಒತ್ತಿ ಬಿಗಿದು), ಹೀಟ್-ಶ್ರಿಂಕ್ ಹಾಕಿ. ಒಂದೇ ಸಿಲಿಂಡರಿನ ಈ ಎಂಜಿನ್ನಿನ ನಡುಕಕ್ಕೆ ಬೆಸುಗೆ ಹಾಕಿದ ವೈರ್ ಬೆಸುಗೆಯ ಅಂಚಿನಲ್ಲೇ ಮುರಿಯುತ್ತದೆ.

ಎಲ್ಲ ಮುಗಿದ ಮೇಲೆ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ಯಾವ ವೈರೂ ಬಿಗಿಯಾಗುತ್ತಿಲ್ಲ ಎಂದು ನೋಡಿ. ಆಮೇಲೆ ಎಲ್ಲ ದೀಪ ಹಚ್ಚಿ ಐಡಲ್‌ನಲ್ಲಿ ವೋಲ್ಟೇಜ್ ಅಳೆಯಿರಿ. 12.8ಕ್ಕಿಂತ ಕಡಿಮೆ ಇದ್ದರೆ ಬ್ಯಾಟರಿಯ ಚಾರ್ಜ್ ಕರಗುತ್ತಿದೆ ಎಂದರ್ಥ. ಪಟ್ಟಣದ ಟ್ರಾಫಿಕ್‌ನಲ್ಲಿ ಆ ದೀಪ ಆರಿಸಿಡಿ.

ಬ್ರೇಕ್

ಎರಡೂ ಕ್ಯಾಲಿಪರ್ ಬಿಚ್ಚಿ. ಪ್ಯಾಡ್ 2 ಮಿ.ಮೀ.ಗಿಂತ ತೆಳುವಾಗಿದ್ದರೆ ಹೊಸದು. ಡಿಸ್ಕ್ ಮೇಲೆಯೇ ಕನಿಷ್ಠ ದಪ್ಪ ಕೆತ್ತಿರುತ್ತಾರೆ, ವರ್ನಿಯರ್‌ನಿಂದ ಅಳೆಯಿರಿ. ಸ್ಲೈಡ್ ಪಿನ್‌ಗಳನ್ನು ಒರೆಸಿ ಸಿಲಿಕೋನ್ ಗ್ರೀಸ್ ಹಚ್ಚಿ. ಸಾಮಾನ್ಯ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಪಿನ್ ಹಿಡಿದುಕೊಳ್ಳುತ್ತದೆ, ಒಂದೇ ಪ್ಯಾಡ್ ಸವೆಯುತ್ತದೆ.

ಬ್ರೇಕ್ ಆಯಿಲ್ ಡಾಟ್ 4. ಇದೂ ತೇವ ಹೀರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸದಿದ್ದರೆ ಘಾಟ್ ಇಳಿಯುವಾಗ ಬಿಸಿಗೆ ಅದರೊಳಗಿನ ನೀರು ಕುದಿದು ಲೀವರ್ ಸ್ಪಂಜಿನಂತೆ ಒಳಗೆ ಹೋಗುತ್ತದೆ. ಗಾಳಿ ತೆಗೆಯಲು ಇಬ್ಬರಿದ್ದರೆ ಒಳ್ಳೆಯದು. ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಇನ್ನೊಂದು ತುದಿ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿ. ಒಬ್ಬರು ಲೀವರ್ ಮೂರು ಸಲ ಒತ್ತಿ ಹಿಡಿದುಕೊಳ್ಳಲಿ. ಇನ್ನೊಬ್ಬರು ನಿಪ್ಪಲ್ ಕಾಲು ಸುತ್ತು ಬಿಚ್ಚಿ, ಲೀವರ್ ತಳ ಮುಟ್ಟುವ ಮುಂಚೆ ಮುಚ್ಚಲಿ. ಲೀವರ್ ಬಿಡುವುದು ಮುಚ್ಚಿದ ಮೇಲೆಯೇ. ಗುಳ್ಳೆ ನಿಲ್ಲುವ ತನಕ ಹೀಗೇ, ನಡುನಡುವೆ ಮೇಲಿನ ಡಬ್ಬಿ ಖಾಲಿಯಾಗದಂತೆ ತುಂಬುತ್ತ. ಈ ಆಯಿಲ್ ಟ್ಯಾಂಕಿನ ಮೇಲೆ ಬಿದ್ದರೆ ಬಣ್ಣ ಏಳುತ್ತದೆ, ಕೂಡಲೇ ನೀರು ಸುರಿಯಿರಿ.

ನಾಲ್ಕು ಕಿ.ಮೀ. ಓಡಿದ ಮೇಲೆ ಬ್ರೇಕ್ ತಾನಾಗಿ ಹಿಡಿದುಕೊಂಡು, ತಣ್ಣಗಾದ ಮೇಲೆ ಬಿಡುತ್ತಿದ್ದರೆ ಪ್ಯಾಡಿನ ತಪ್ಪಲ್ಲ. ಮಾಸ್ಟರ್ ಸಿಲಿಂಡರ್ ತಳದಲ್ಲಿ ಆಯಿಲ್ ವಾಪಸು ಬರುವ ಸೂಕ್ಷ್ಮ ತೂತು ಕೊಳೆಯಿಂದ ಕಟ್ಟಿರುತ್ತದೆ. ಡಬ್ಬಿ ಖಾಲಿ ಮಾಡಿ ಅದನ್ನು ಸ್ವಚ್ಛ ಮಾಡಿ.

ಹ್ಯಾಂಡಲ್, ಚೇನ್, ಚಕ್ರ

ಗಾಡಿ ಸೆಂಟರ್ ಸ್ಟ್ಯಾಂಡ್ ಮೇಲೆ, ಎಂಜಿನ್ ಅಡಿಗೆ ಮರದ ತುಂಡು, ಮುಂದಿನ ಚಕ್ರ ಮೇಲೆ. ಹ್ಯಾಂಡಲ್ ಎರಡು ಬೆರಳಿನಿಂದ ನಿಧಾನವಾಗಿ ತಿರುಗಿಸಿ. ನಡುವೆ ಕಚ್ಚಿ ನಿಂತಂತಾದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಅಂದರೆ ಕೋನ್ ಸೆಟ್, ಗುಳಿ ಬಿದ್ದಿದೆ. ಬಿಗಿ ಮಾಡಿ ಉಪಯೋಗವಿಲ್ಲ, ಹೊಸ ಸೆಟ್ ಹಾಕಬೇಕು. ಫೋರ್ಕ್ ತಳ ಹಿಡಿದು ಹಿಂದೆ ಮುಂದೆ ಎಳೆದಾಗ ಟಕ್ ಎಂದರೆ ಸಡಿಲ.

ಚೇನ್ ಕೆಳಗಿನ ನಡುಭಾಗದಲ್ಲಿ 25ರಿಂದ 30 ಮಿ.ಮೀ. ಆಡಬೇಕು. ಚಕ್ರ ತಿರುಗಿಸುತ್ತ ನಾಲ್ಕೈದು ಕಡೆ ಅಳೆದು, ಅತಿ ಬಿಗಿ ಇರುವ ಜಾಗದಲ್ಲಿ ಈ ಅಳತೆ ಬರುವಂತೆ ಇಡಿ. ಹಿಂದಿನ ಸ್ಪ್ರಾಕೆಟ್‌ನಿಂದ ಚೇನನ್ನು ಹಿಂದಕ್ಕೆ ಎಳೆದಾಗ ಅರ್ಧ ಹಲ್ಲು ಕಂಡರೆ ಚೇನ್ ಮತ್ತು ಎರಡೂ ಸ್ಪ್ರಾಕೆಟ್ ಒಟ್ಟಿಗೇ ಬದಲಿಸಿ. ಲಾಕ್ ಕ್ಲಿಪ್‌ನ ಮುಚ್ಚಿದ ಬದಿ ಚೇನ್ ಓಡುವ ದಿಕ್ಕಿಗೆ ಇರಬೇಕು. ತೊಳೆಯಲು ಡೀಸೆಲ್ ಬಳಸಿ, ಪೆಟ್ರೋಲ್ ಬೇಡ.

ಟಯರ್ ಮುಂದೆ 90/90-19, ಹಿಂದೆ 120/80-18. ದಪ್ಪ ಟಯರ್ ಚೆಂದ ಕಾಣುತ್ತದೆ ಎಂದು ಅಳತೆ ಹೆಚ್ಚಿಸಿದರೆ ತಿರುವಿನಲ್ಲಿ ಗಾಡಿ ಬಗ್ಗಲು ಹಟ ಮಾಡುತ್ತದೆ. ಸ್ಪೋಕ್‌ಗಳನ್ನು ಪಾನಾದಿಂದ ಒಂದೊಂದಾಗಿ ತಟ್ಟಿ. ಮಂಕು ಸದ್ದು ಬಂದದ್ದು ಸಡಿಲ.

ಎಂಜಿನ್: ಕೈ ಹಚ್ಚದೆ ಇರುವುದೂ ಕೆಲಸವೇ

ಯುಸಿಇ ಎಂಜಿನ್ನಿನಲ್ಲಿ ವಾಲ್ವ್ ಎತ್ತುವ ಟ್ಯಾಪೆಟ್‌ಗಳು ಹೈಡ್ರಾಲಿಕ್. ಎಣ್ಣೆಯ ಒತ್ತಡದಿಂದ ತಾವೇ ಹೊಂದಿಕೊಳ್ಳುತ್ತವೆ. ಹಳೆಯ ಬುಲೆಟ್‌ನಲ್ಲಿ ಕೈ ಪಳಗಿದ ಮಿಸ್ತ್ರಿ ‘ಟ್ಯಾಪೆಟ್ ಟೈಟ್ ಮಾಡಿಕೊಡ್ತೀನಿ ಬಿಡ್ರಿ’ ಎಂದರೆ ನಯವಾಗಿ ಬೇಡ ಎನ್ನಿ. ತಣ್ಣನೆ ಸ್ಟಾರ್ಟ್ ಮಾಡಿದಾಗ ಕೆಲವು ಕ್ಷಣ ಟಿಕಟಿಕ ಬಂದು ನಿಂತರೆ ಸರಿ. ಬಿಸಿಯಾದ ಮೇಲೂ ನಿಲ್ಲದಿದ್ದರೆ ಮೊದಲು ಎಣ್ಣೆ ನೋಡಿ.

15W50 ಎಣ್ಣೆ, ಪೂರ್ತಿ ಖಾಲಿ ಎಂಜಿನ್ನಿಗೆ ಸುಮಾರು ಎರಡೂಮುಕ್ಕಾಲು ಲೀಟರ್. ಬರೀ ಬದಲಿಸುವಾಗ ಅಷ್ಟು ಹಿಡಿಯುವುದಿಲ್ಲ, ಒಳಗೆ ಸ್ವಲ್ಪ ಉಳಿದಿರುತ್ತದೆ. ಎರಡೂಕಾಲು ಹಾಕಿ, ಐದು ನಿಮಿಷ ಓಡಿಸಿ, ನಿಲ್ಲಿಸಿ ಹತ್ತು ನಿಮಿಷ ಕಾಯ್ದು, ಸೆಂಟರ್ ಸ್ಟ್ಯಾಂಡ್ ಮೇಲೆ ಬಲಗಡೆಯ ಗಾಜಿನಲ್ಲಿ ಮಟ್ಟ ನೋಡಿ ಉಳಿದದ್ದು ಸೇರಿಸಿ. ಆಯಿಲ್ ಫಿಲ್ಟರ್ ಹಾಕುವಾಗ ಹಳೆಯ ಓ-ರಿಂಗ್ ಒಳಗೇ ಅಂಟಿಕೊಂಡಿದೆಯೇ ಎಂದು ಬೆರಳಾಡಿಸಿ ನೋಡಿ. ಪ್ಲಗ್ ಎರಡೂ ಒಟ್ಟಿಗೆ ಬದಲಿಸಿ. ಹೊಗೆ ಇಲ್ಲ, ಬಡಿತ ಇಲ್ಲ, ಎಳೆತ ಸರಿ ಇದೆ ಎಂದಾದರೆ ಇಲ್ಲಿಗೆ ಎಂಜಿನ್ ಕೆಲಸ ಮುಗಿಯಿತು.

ಬಣ್ಣ

ಧಾರವಾಡದ ಮಳೆಗಾಲದಲ್ಲಿ ಬಣ್ಣಕ್ಕೆ ಕೈ ಹಾಕಬೇಡಿ, ತೇವಕ್ಕೆ ಮೇಲ್ಮೈ ಬೆಳ್ಳಗೆ ಮಬ್ಬಾಗುತ್ತದೆ. ದೀಪಾವಳಿ ಕಳೆದು ಫೆಬ್ರುವರಿ ತನಕ, ಗಾಳಿ ಏಳುವ ಮುಂಚೆ ಬೆಳಗ್ಗೆ, ನೆಲಕ್ಕೆ ನೀರು ಚಿಮುಕಿಸಿ ಹೊಡೆಯಿರಿ. ಸ್ಯಾಂಡ್ ಪೇಪರ್ 120, 240, 400, 800 ಈ ಕ್ರಮದಲ್ಲಿ. ಪುಟ್ಟಿ ತೆಳುವಾಗಿ ಎರಡು ಸಲ. ದಪ್ಪಗೆ ಒಂದೇ ಸಲ ಮೆತ್ತಿದರೆ ಬಿಸಿಲಿಗೆ ಸೀಳುತ್ತದೆ. ಗಟ್ಟಿಕಾರಕ ಬೆರೆಸುವ 2ಕೆ ಬಣ್ಣದ ಹೊಗೆ ಶ್ವಾಸಕೋಶಕ್ಕೆ ಅಪಾಯ. ಮುಖಕ್ಕೆ ಕಟ್ಟಿದ ಟವೆಲ್ ಅದನ್ನು ತಡೆಯುವುದಿಲ್ಲ. ಸರಿಯಾದ ಮಾಸ್ಕ್ ಇಲ್ಲದಿದ್ದರೆ ಪೇಂಟರ್‌ಗೆ ಕೊಡಿ.

ಫ್ರೇಮಿಗೆ ಪೌಡರ್ ಕೋಟಿಂಗ್ ಮಾಡಿಸುವವರು ಒಂದು ಮಾತು ಮರೆಯಬಾರದು. ಚಾಸಿಸ್ ನಂಬರಿನ ಜಾಗಕ್ಕೆ ಮರಳು ಹೊಡೆಸಬೇಡಿ, ದಪ್ಪ ಲೇಪ ಬಳಿಸಬೇಡಿ. ಟೇಪ್ ಹಚ್ಚಿ ಮುಚ್ಚಿ ಕೊಡಿ. ನಂಬರ್ ಓದಲು ಬರದಿದ್ದರೆ ಆರ್‌ಟಿಒದಲ್ಲಿ ಗಾಡಿ ನವೀಕರಣ ಅಲ್ಲಿಗೇ ನಿಲ್ಲುತ್ತದೆ. ಬಣ್ಣ ಬದಲಿಸಿದರೆ ಆರ್‌ಸಿಯಲ್ಲಿ ನಮೂದಿಸಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಕಂಪನಿ ಕೊಟ್ಟ ಮೂಲ ವಿವರ ಬದಲಾಗುವ ಮಾರ್ಪಾಡುಗಳಿಗೆ ಅಡ್ಡ ಬರುತ್ತದೆ. ಫ್ರೇಮ್ ಕತ್ತರಿಸುವುದು, ಸದ್ದಿನ ಸೈಲೆನ್ಸರ್ ಹಾಕುವುದು ಎರಡೂ ಬೇಡ. ಸೀರೆ ಗಾರ್ಡ್ ಕಿತ್ತೊಗೆಯುವುದು ಫ್ಯಾಶನ್ ಆಗಿದೆ, ಆದರೆ ಹಿಂದೆ ಕೂರುವವರ ರಕ್ಷಣೆಗೆ ಅದು ನಿಯಮದಲ್ಲೇ ಇದೆ.

ಪ್ರವಾಸಕ್ಕೆ ಹೊಂದಿಸುವುದು

ಮೊದಲು ಸೀಟು, ಯಾಕೆಂದರೆ ನೂರು ಕಿ.ಮೀ. ಆದ ಮೇಲೆ ಮಾತಾಡುವುದು ಅದೊಂದೇ. ಮೆತ್ತಗಿನ ಫೋಮ್ ಅಂಗಡಿಯಲ್ಲಿ ಹಿತ, ರಸ್ತೆಯಲ್ಲಿ ಶಿಕ್ಷೆ. ಕುಷನ್ ಅಂಗಡಿಯವರಿಗೆ ಗಟ್ಟಿ ಫೋಮ್ ಕೆಳಗೆ, ಮೇಲೊಂದು ತೆಳು ಮೆತ್ತನೆಯ ಪದರ ಎಂದು ಹೇಳಿ. ರೆಕ್ಸಿನ್ ಹೊಲಿಗೆಯಿಂದ ಮಳೆನೀರು ಇಳಿಯುತ್ತದೆ, ಫೋಮ್ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ಹಾಕಿಸಿ.

ಹ್ಯಾಂಡಲ್ ಎತ್ತರಿಸುವುದಾದರೆ ಒಂದು ಇಂಚು ಸಾಕು. ಅದಕ್ಕಿಂತ ಹೆಚ್ಚಾದರೆ ಬ್ರೇಕ್ ಹೋಸ್, ಕ್ಲಚ್ ಕೇಬಲ್ ಎಳೆಯುತ್ತವೆ. ಜೋಡಿಸಿದ ಮೇಲೆ ಎಂಜಿನ್ ಚಾಲೂ ಇಟ್ಟು ಹ್ಯಾಂಡಲ್ ಎರಡೂ ಕಡೆ ತಿರುಗಿಸಿ. ಆರ್‌ಪಿಎಂ ಏರಿದರೆ ಆ್ಯಕ್ಸಲರೇಟರ್ ಕೇಬಲ್ ಗಿಡ್ಡ.

ವಿಂಡ್‌ಶೀಲ್ಡ್‌ನ ಮೇಲಂಚು ನಿಮ್ಮ ಮೂಗಿನ ಮಟ್ಟಕ್ಕೆ ಇರಲಿ, ದೃಷ್ಟಿ ಅದರ ಮೇಲಿಂದ ಹೋಗಬೇಕು. ಫೋರ್ಕ್‌ಗೆ ಕಟ್ಟುವ ದೊಡ್ಡ ಗಾಜು ಅಡ್ಡಗಾಳಿಗೆ ಹ್ಯಾಂಡಲನ್ನೇ ತಳ್ಳುತ್ತದೆ. ಗದಗದ ಕಪ್ಪತಗುಡ್ಡದ ಕಡೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಅಲ್ಲಿ ಒಮ್ಮೆ ಓಡಿಸಿ ನೋಡಿದರೆ ಎಷ್ಟು ದೊಡ್ಡ ಗಾಜು ಬೇಕು ಎಂಬುದು ತಿಳಿಯುತ್ತದೆ.

ಬ್ಯಾಗಿನ ಸ್ಟ್ಯಾಂಡನ್ನು ಊರಿನ ವೆಲ್ಡಿಂಗ್ ಅಂಗಡಿಯಲ್ಲೇ ಮಾಡಿಸಬಹುದು. ಅರ್ಧ ಇಂಚಿನ ಎಂಎಸ್ (ಸಾದಾ ಉಕ್ಕಿನ) ಪೈಪು, ಒಂದು ಬದಿಗೆ ಮೂರು ಕಡೆ ಬೋಲ್ಟ್. ಗಾಡಿಯ ಫ್ರೇಮಿಗೆ ವೆಲ್ಡ್ ಮಾಡಿಸಬೇಡಿ, ಅಳತೆ ತೆಗೆದು ಬೇರೆಯಾಗಿ ಮಾಡಿಸಿ ಬಿಗಿಯಿರಿ. ಸೈಲೆನ್ಸರ್ ಕಡೆಯ ಬ್ಯಾಗಿಗೂ ಪೈಪಿಗೂ ನಾಲ್ಕು ಬೆರಳು ಅಂತರ, ನಡುವೆ ತಗಡು. ಭಾರ ಎರಡೂ ಕಡೆ ಸಮ, ಕೆಳಗೆ ಮತ್ತು ಮುಂದೆ. ಸೀಟಿನ ಹಿಂದಿನ ಡಬ್ಬಿಯಲ್ಲಿ ಜಾಕೆಟ್, ರೇನ್‌ಕೋಟ್ ಮಾತ್ರ. ಹಿಂದಿನ ಆ್ಯಕ್ಸಲ್ ದಾಟಿದ ಭಾರ ಮುಂದಿನ ಚಕ್ರವನ್ನು ಹಗುರ ಮಾಡಿ ವೇಗದಲ್ಲಿ ಹ್ಯಾಂಡಲ್ ಆಡಿಸುತ್ತದೆ.

ಓಡಿಸಿ ನೋಡುವುದು

ಮೊದಲ ದಿನ ಮನೆಯ ಸುತ್ತ ಐದು ಕಿ.ಮೀ., ಅಷ್ಟೇ. ಬಂದು ಡಿಸ್ಕ್, ಹಬ್ ಮುಟ್ಟಿ ನೋಡಿ, ಸೋರಿಕೆ ನೋಡಿ. ಆಮೇಲೆ ಹುಬ್ಬಳ್ಳಿ-ಧಾರವಾಡ ನಡುವೆ ಒಂದು ಸುತ್ತು. ಉಣಕಲ್, ನವನಗರದ ಸಿಗ್ನಲ್‌ಗಳಲ್ಲಿ ನಿಂತು ಹೊರಡುವಾಗ ಐಡಲ್, ಕ್ಲಚ್, ಚಾರ್ಜಿಂಗ್ ಎಲ್ಲದರ ಪರೀಕ್ಷೆ ಆಗುತ್ತದೆ. ಅಲ್ಲಿಂದ ಬಂದು ಎಲ್ಲ ಬೋಲ್ಟ್ ಮತ್ತೊಮ್ಮೆ ಟಾರ್ಕ್ ಪಾನಾದಿಂದ ನೋಡಿ, ಸೈಲೆನ್ಸರ್ ನಟ್ ಮತ್ತು ಬ್ಯಾಗ್ ಸ್ಟ್ಯಾಂಡ್ ಸಡಿಲಾಗಿಯೇ ಇರುತ್ತವೆ. ಮೂರನೆಯದು ಗದಗದ ತನಕ, ಬ್ಯಾಗ್‌ಗಳಲ್ಲಿ ನಿಜವಾಗಿ ಒಯ್ಯುವಷ್ಟೇ ಭಾರ ತುಂಬಿ. ಕೊನೆಗೆ ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿಯಿರಿ, ಮೂರನೇ ಗೇರಿನಲ್ಲಿ. ಕೆಳಗೆ ಮುಟ್ಟಿದಾಗಲೂ ಬ್ರೇಕ್ ಲೀವರ್ ಮೇಲಿದ್ದಂತೆಯೇ ಗಟ್ಟಿ ಇರಬೇಕು. 500 ಕಿ.ಮೀ. ಆದ ಕೂಡಲೇ ಎಂಜಿನ್ ಎಣ್ಣೆ ಒಮ್ಮೆ ಬದಲಿಸಿ, ನಿಂತ ಗಾಡಿಯ ಒಳಗಿನ ಕೊಳೆ ಅಷ್ಟರಲ್ಲಿ ಎಣ್ಣೆಗೆ ಇಳಿದಿರುತ್ತದೆ.

ಸ್ಪೋಕ್ ಚಕ್ರಕ್ಕೆ ಟ್ಯೂಬ್ ಇರುವುದರಿಂದ ಎರಡೂ ಅಳತೆಯ ಟ್ಯೂಬ್, ಪಂಪ್, ಆ್ಯಕ್ಸಲ್ ಪಾನಾ ಜೊತೆಗಿರಲಿ. ಫ್ಯೂಸ್, ಒಂದು ಪ್ಲಗ್, ಚೇನ್ ಲಾಕ್ ಕೂಡ. ಹೊಸ ಕ್ಲಚ್ ಕೇಬಲ್ ಒಂದನ್ನು ಡಬ್ಬಿಯಲ್ಲಿ ಇಡುವ ಬದಲು ಹಳೆಯದರ ಪಕ್ಕದಲ್ಲೇ ಎಳೆದು ಟೈ ಹಾಕಿ, ತುದಿಗಳಿಗೆ ಗ್ರೀಸ್ ಹಚ್ಚಿ ಪ್ಲಾಸ್ಟಿಕ್ ಕಟ್ಟಿಬಿಡಿ. ದಾರಿಯಲ್ಲಿ ಹರಿದರೆ ಟ್ಯಾಂಕ್ ಬಿಚ್ಚದೆ ಎರಡು ತುದಿ ಸಿಕ್ಕಿಸಿ ಹೊರಡಬಹುದು.